ಕರೆಂಟ್ ಹೋದಾಗ ಕಂಡದ್ದು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರಿನ ತಲೆಬುಡ ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ. ಪ್ರಯೋಗಾಲಯದ ನಿರ್ದೇಶಕಿ ಹೇಳಿದ್ದಿಷ್ಟು: ಎರಡು ಗಾಜುಗಳ ನಡುವೆ ದ್ರವಸ್ಫಟಿಕ ತುಂಬಿದ ಬಿಲ್ಲೆಯೊಂದನ್ನು ಶನಿವಾರ ಮಧ್ಯಾಹ್ನ ಯಾರೋ ಪುಡಿ ಮಾಡಿದ್ದಾರೆ. ಕರೆಂಟು ಕೊಟ್ಟರೆ ಅದು ಬೆಳಕನ್ನು ಬೇಕಾದ ಕಡೆ ತಿರುಗಿಸುತ್ತದೆ. ಕಣ್ಣಿನ ಚಿಕಿತ್ಸೆಯ ಲೇಸರ್ ಯಂತ್ರದಲ್ಲಿ, ಇದೇ ವಾರ, ಮೊದಲ ರೋಗಿಗೆ ಬಳಸುವುದಿತ್ತು.

"ಅದು ನೀರೋ ಕಲ್ಲೋ ಮೇಡಂ?" ಎಂದ ಕಾನ್‌ಸ್ಟೇಬಲ್.

"ಎರಡರ ಗುಣಾನೂ ಇದೆ."

"ಎಫ್‌ಐಆರ್‌ನಲ್ಲಿ ಏನಂತ ಬರೀಲಿ ಸಾರ್?"

"ಗಾಜು ಅಂತ ಬರಿ ಮಾರಾಯ."

ಬಿಲ್ಲೆ ಒಡೆದಾಗ ಕರೆಂಟು ಹೋಗಿ ಕ್ಯಾಮೆರಾ ನಿಂತಿತ್ತು. ಕಂಡೆ ಎಂದವರು ಒಬ್ಬರೇ, ಬಿಲ್ಲೆಯನ್ನು ರೂಪಿಸಿದ ಹಿರಿಯ ವಿಜ್ಞಾನಿ. ಗಾಜಿನ ಬಾಗಿಲಾಚೆಯಿಂದ ನೋಡಿದೆ, ಒಡೆದವಳು ಅಲ್ಲೇ ಕೆಲಸಕ್ಕಿರುವ ನನ್ನ ತಮ್ಮನ ಮಗಳು ಎಂದು ಹೇಳಿಕೆ ಕೊಟ್ಟರು.

"ನೀನು ಒಡೆದ್ಯಾ?" ಇನ್ಸ್‌ಪೆಕ್ಟರ್ ಅವಳನ್ನು ಕೇಳಿದರು.

"ಇಲ್ಲ ಸಾರ್."

"ನಿಮ್ಮ ದೊಡ್ಡಪ್ಪ ನೋಡಿದ್ದಾರಂತಲ್ಲ?"

"ದೊಡ್ಡಪ್ಪ ಸುಳ್ಳು ಹೇಳಲ್ಲ ಸಾರ್." ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಮೇಜು ದಾಟುವಾಗ ಮೊಣಕೈ ತಗುಲಿತೇನೋ... ನಂಗೇ ಗೊತ್ತಾಗ್ತಿಲ್ಲ."

ಪಂಚನಾಮೆಯ ವೇಳೆ ಇನ್ಸ್‌ಪೆಕ್ಟರ್, ವಿಜ್ಞಾನಿ ತೋರಿಸಿದ ಜಾಗದಲ್ಲೇ ನಿಂತರು. ಬಾಗಿಲಾಚೆಯ ಮೇಜು, ಗಾಜಿನ ಚೂರು, ಎಲ್ಲವೂ ಅಂಗೈ ನೆಲ್ಲಿಕಾಯಿ. ಹೇಳಿಕೆ ಸರಿಯಿದೆ. ಆದರೂ ಮನಸ್ಸು ಒಪ್ಪಲಿಲ್ಲ.

"ಅವತ್ತಿನ ಹಾಗೇ ಇರ್ಲಿ, ಮೇನ್ ಆಫ್ ಮಾಡು," ಎಂದರು.

ಕಾನ್‌ಸ್ಟೇಬಲ್ ಆಫ್ ಮಾಡಿದ. ಬಾಗಿಲು ಹಾಲಿನಂತೆ ಬೆಳ್ಳಗಾಯಿತು. ಇನ್ಸ್‌ಪೆಕ್ಟರ್ ಕಣ್ಣುಜ್ಜಿಕೊಂಡರು.

"ಬಾಗಿಲಲ್ಲೂ ದ್ರವಸ್ಫಟಿಕಾನೇ ಇರೋದು," ಎಂದರು ನಿರ್ದೇಶಕಿ. "ಕರೆಂಟ್ ಇದ್ರೆ ಮಾತ್ರ ಆಚೆಯದು ಕಾಣುತ್ತೆ."

ಸಂಜೆ ವಿಜ್ಞಾನಿಯ ಬಂಧನವಾಯಿತು. ಅವರು ವಾದಿಸಲಿಲ್ಲ.

"ಬಿಸಿಯಾದ್ರೆ ಆ ಬಿಲ್ಲೆ ಬೆಳಕನ್ನ ಎಲ್ಲೆಲ್ಲೋ ಕಳಿಸ್ತಿತ್ತು ಸಾರ್. ರೋಗಿ ಕಣ್ಣೇ ಸುಟ್ಟುಹೋಗ್ತಿತ್ತು. ಜೀವಮಾನದ ಕೆಲಸ ತಪ್ಪು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಒಡೆದುಬಿಟ್ಟೆ."

"ಆ ಹುಡುಗಿ ಮೇಲೆ ಯಾಕೆ ಹಾಕಿದ್ರಿ?"

"ಯಾರು ಅಂತ ನೀವು ಕೇಳಿದ್ರಿ. ಎದುರಿಗೆ ಅವಳಿದ್ಲು."

"ಬಾಗಿಲು ಮಾಡಿದವರೂ ನೀವೇ ಅಂತೆ. ಕರೆಂಟ್ ಇಲ್ದೆ ಕಾಣಲ್ಲ ಅನ್ನೋದು ಮರೆತ್ರಾ? ಇಲ್ಲಾ ಅವಳು ಉಳೀಲಿ ಅಂತ ಬೇಕಂತಲೇ ಹಾಗೆ ಹೇಳಿದ್ರಾ?"

"ಗೊತ್ತಿಲ್ಲ ಸಾರ್."

ಹೊರಗೆ ಬೆಂಚಿನ ಮೇಲೆ ತಮ್ಮನ ಮಗಳು ಕಾದು ಕೂತಿದ್ದಳು. ನೀನು ನಿರಪರಾಧಿ, ಮನೆಗೆ ಹೋಗಮ್ಮ ಎಂದು ಇನ್ಸ್‌ಪೆಕ್ಟರ್ ಹೇಳಿದರು. ಅವಳು ಏಳಲಿಲ್ಲ.

"ದೊಡ್ಡಪ್ಪ ಏನಾದ್ರೂ ತಿಂದ್ರಾ ಸಾರ್?" ಎಂದು ಕೇಳಿದಳು.