ಪಡುವಣ ಬಾಗಿಲ ಒಲೆ

“ಊದೋ!”

ಕತ್ತಿಯ ತುದಿ ನನ್ನ ಕುತ್ತಿಗೆಗೆ ತಾಗಿತ್ತು. ಎದುರಿಗೆ, ನಗರದ ಬಾಗಿಲ ಪಕ್ಕದಲ್ಲಿ, ಒಲೆ. ಅದರ ಮೇಲೆ ಕಾವಲಿನವರ ಗಂಜಿ ಕುದಿಯುತ್ತಿತ್ತು.

ಬಗ್ಗಿ ಊದಿದೆ. ಕೆಂಡ ಕೆಂಪಾಯಿತು. ನನಗೆ ನಾಚಿಕೆಯಾಯಿತು.

“ನೀನು ಹೋಗು!” ಎಂದ ಕಾವಲಿನ ನಾಯಕ. “ಮುಂದಿನವನು ಬಾ!”

ಮುಂದಿನವನು ಅರ್ತಿವಾನ್. ಸಮರಕಂದದ ಮುದಿ ರೇಷ್ಮೆ ವ್ಯಾಪಾರಿ. ಅವನನ್ನು ಚಾಂಗಾನ್ ನಗರದಿಂದ ಜೀವಸಹಿತ ದಾಟಿಸುವುದು ನನ್ನ ಕೆಲಸ.

ಚಕ್ರವರ್ತಿಯ ಮೇಲೆ ದಂಗೆಯೆದ್ದ ದಂಡನಾಯಕ ಸಮರಕಂದದ ಕಡೆಯ ನಮ್ಮ ಸೊಗ್ದ್ ಜನರ ರಕ್ತದವನಂತೆ. ಅಷ್ಟೇ ಸಾಕಾಯಿತು! ಮೂವತ್ತು ವರ್ಷ ನಮ್ಮಿಂದ ಸರಕು ಕೊಂಡವರೇ ಈಗ ಉದ್ದ ಮೂಗು ಕಂಡರೆ ಕತ್ತಿ ಹಿರಿಯುತ್ತಿದ್ದರು. ನನ್ನ ಮೂಗು ಚೀನೀ ತಾಯಿಯದು, ಬಚಾವಾದೆ. ಆದರೆ ನಮ್ಮವರನ್ನು ಅಡಗಿಸಿ, ದಾಟಿಸಿ, ಸತ್ತವರನ್ನು ಹೂತು... ನಿಜ ಹೇಳುತ್ತೇನೆ, ಸುಸ್ತಾಗಿದ್ದೆ.

ಆದರೂ ಪ್ಲಾನು ಪಕ್ಕಾ ಇತ್ತು. ಮುದುಕನ ಗಡ್ಡ ಬೋಳಿಸಿದ್ದೆ. ಮೂಗಿಗೆ ಬಟ್ಟೆ ಸುತ್ತಿ, ಕುದುರೆ ಒದ್ದ ಗಾಯ ಅನ್ನಿ ಎಂದು ಹೇಳಿಕೊಟ್ಟಿದ್ದೆ.

ಬೆಂಕಿಯೊಂದನ್ನು ಮರೆತಿದ್ದೆ!

ನಮ್ಮವರು ಬೆಂಕಿಗೆ ಬಾಯಿಯ ಉಸಿರು ತಾಗಿಸುವುದಿಲ್ಲ. ಬೆಂಕಿ ನಮಗೆ ದೇವರು, ಉಸಿರು ತಾಗಿದರೆ ಮೈಲಿಗೆ. ಈ ನಾಯಕನಿಗೆ ಯಾರೋ ಆ ಗುಟ್ಟು ಹೇಳಿದ್ದರು.

“ಊದು ಅಜ್ಜ!”

ಅರ್ತಿವಾನ್ ತೋಳಿನಿಂದ ಬಾಯಿ ಮುಚ್ಚಿಕೊಂಡ.

“ಯಜಮಾನ್ರೇ, ಒಂದೇ ಒಂದು ಸಲ...” ನಮ್ಮ ಭಾಷೆಯಲ್ಲಿ ಪಿಸುಗುಟ್ಟಿದೆ. “ಊರಲ್ಲಿ ನಿಮ್ಮ ಮಗಳು ಕಾಯ್ತಿದ್ದಾಳೆ!”

“ಕಾಯ್ಲಿ ಬಿಡು. ಈ ಬಾಯಿ ಕೆಡಿಸ್ಕೊಂಡು ಅವಳ ಮನೆ ಬೆಂಕಿ ಮುಂದೆ ಹೇಗಪ್ಪಾ ಕೂತ್ಕೊಳ್ಳಲಿ?”

ಪಿಸುಮಾತಲ್ಲ. ನಮ್ಮ ಭಾಷೆಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದ!

ನಾಯಕ ನಕ್ಕ. “ಸಿಕ್ಕಿಬಿದ್ದ!”

ಕತ್ತಿ ಮೇಲೆದ್ದಿತು.

ನಾನು ಒಲೆಗೆ ಒದ್ದೆ!

ಕುದಿಯುವ ಗಂಜಿ ನಾಯಕನ ತೊಡೆಯ ಮೇಲೆ. ಕೆಂಡ ಬಾಗಿಲ ಬಳಿ ಸಾಲುನಿಂತ ವ್ಯಾಪಾರಿಗಳ ಒಂಟೆಗಳ ಕಾಲ ಬುಡಕ್ಕೆ. ಒಂಟೆಗಳು ಹುಚ್ಚೆದ್ದು ಬಾಗಿಲಿಗೆ ನುಗ್ಗಿದವು. ಮುದುಕನ ರಟ್ಟೆ ಹಿಡಿದು ಅವುಗಳ ಹಿಂದೆಯೇ ಓಡಿದೆ. ಬಾಣವೊಂದು ಕಿವಿಯ ಪಕ್ಕದಲ್ಲೇ ಹಾದುಹೋಯಿತು...

ನವಣೆ ಹೊಲದಲ್ಲಿ ಕುಸಿದು ಕೂತೆವು. ನೀರಿನ ಚೀಲ ಚಾಚಿದೆ. ಅವನು ತಳ್ಳಿಬಿಟ್ಟ.

“ನಿನ್ನ ಕೈ ನೀರು ಬೇಡ! ಬೆಂಕೀನ ಕಾಲಲ್ಲಿ ಒದ್ದೆಯಲ್ಲೋ ಪಾಪಿ!”

“ನಿಮ್ಮ ಜೀವ ಉಳೀತಲ್ಲ ಯಜಮಾನ್ರೇ?”

“ಉಳಿಸು ಅಂತ ಯಾರೋ ಕೇಳಿದ್ರು? ನಾನು ಊದದೇ ಇದ್ದೆ, ನೀನು ಒದ್ದೇಬಿಟ್ಟೆ! ನಿನ್ನ ವಂಶ ಹಾಳಾಗ...”

ನಿಲ್ಲಿಸಲೇ ಇಲ್ಲ. ಒದ್ದ ಕಾಲು ಉರಿಯುತ್ತಿತ್ತು.

ನಮ್ಮ ಬೀದಿಯಲ್ಲಿ ನಮ್ಮವರ ನಲವತ್ತು ಮನೆಗಳಿದ್ದವು. ನಮ್ಮ ಭಾಷೆಯಲ್ಲಿ ನನಗೆ ಬೈಯಲು ಉಳಿದವನು ಇವನೊಬ್ಬನೇ...

ಬೈಯಲಿ!