ಕಾಣೆಯಾದ ಕೊನೆಯ ಕಂತು

ಬೀರುವಿನ ಬಾಗಿಲು ಹಾರು ಹೊಡೆದಿತ್ತು. ಬೀಗ ಒಡೆದಿರಲಿಲ್ಲ. ಒಳಗಿದ್ದ ನೀಲಿ ಕಡತ ಮಾತ್ರ ಮಂಗಮಾಯ.

ಬೆಳಿಗ್ಗೆ ಎಂಟಕ್ಕೆ ಬರಹಗಾರರ ಕೂಗು ಕೇಳಿ ಅರ್ಧ ಸ್ಟುಡಿಯೋ ಅಲ್ಲಿಗೆ ಓಡಿಬಂತು. ಕಡತದಲ್ಲಿದ್ದದ್ದು ಧಾರಾವಾಹಿಯ ಕೊನೆಯ ಕಂತು. ಬರಹಗಾರರು ಮುದುಕರು, ಕೈಯಲ್ಲೇ ಬರೆಯುವವರು, ನಕಲು ಇಡದವರು. ಚಿತ್ರೀಕರಣ ನಾಳೆಯೇ. ಬೀರುವಿಗಿದ್ದದ್ದು ಎರಡು ಕೀಲಿ. ಒಂದು ಅವರ ಕೊರಳಲ್ಲಿ, ಇನ್ನೊಂದು ಸಾಮಾನು ಕೋಣೆಯ ಮೊಳೆಯಲ್ಲಿ.

ನಿರ್ದೇಶಕರ ಬೆರಳು ನೇರವಾಗಿ ಸಾಮಾನು ಕೋಣೆಯವನ ಕಡೆ ತಿರುಗಿತು. ಒಂಬತ್ತರೊಳಗೆ ಕಡತ ಸಿಗದಿದ್ದರೆ ಅವನ ಕೆಲಸವೂ ಹೋಯಿತು, ಪೊಲೀಸರೂ ಬಂದರು ಎಂದರು. ಹದಿನಾಲ್ಕು ವರ್ಷ ಒಂದು ಗುಂಡಿಯನ್ನೂ ಕಳೆಯದ ಮನುಷ್ಯ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತ. ಗುಂಪಿನ ಹಿಂದಿದ್ದ ಅವನ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಅವಳನ್ನು ಎಲ್ಲರೂ ನೋಟ್‌ಬುಕ್ ಅಕ್ಕ ಎನ್ನುತ್ತಿದ್ದರು. ಧಾರಾವಾಹಿಯ ಊರು ಯಾವ ನಕಾಶೆಯಲ್ಲೂ ಇಲ್ಲ. ಇರುವುದು ಅವಳ ಏಳು ನೋಟ್‌ಬುಕ್‌ಗಳಲ್ಲಿ. ಆ ಊರಿನಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ಸೈನಿಕ ಅನ್ನಕ್ಕೆ ಕೂರುವಾಗ ಕತ್ತಿ ಎಲ್ಲಿಡುತ್ತಾನೆ, ಎಲ್ಲದಕ್ಕೂ ಅವಳ ಹತ್ತಿರ ನಿಯಮವಿತ್ತು. ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ನಗುವವರಿಗೆ ಅವಳದು ಒಂದೇ ಉತ್ತರ. ಯಾರೂ ನೋಡುವುದಿಲ್ಲ, ಆದರೆ ತಪ್ಪಿದರೆ ಯಾರೂ ನಂಬುವುದಿಲ್ಲ.

"ಒಂಬತ್ತರವರೆಗೆ ಟೈಮ್ ಕೊಟ್ಟಿದ್ದೀರಲ್ಲ," ಎಂದಳು ನಿರ್ದೇಶಕರಿಗೆ. "ಅದು ನನಗೆ ಸಾಕು."

* * *

ಎಲ್ಲರನ್ನೂ ಹೊರಗೆ ಕಳಿಸಿ ಕೋಣೆಯನ್ನು ಮೂಲೆಮೂಲೆಯೂ ಜಾಲಾಡಿದಳು. ಮೇಜಿನ ಮೇಲೆ ನೀರಿನ ಜಗ್ಗು, ಪಕ್ಕದಲ್ಲಿ ಒಂದು ಲೋಟ. ಲೋಟ ಬೋರಲಾಗಿತ್ತು. ಎತ್ತಿ ನೋಡಿದರೆ ಕೆಳಗೆ ನೀರಿನ ಉಂಗುರ, ಇನ್ನೂ ಒದ್ದೆ. ಬರಹಗಾರರನ್ನು ಕರೆದು ಕೇಳಿದಳು. ಅವರು ಕುಡಿಯುವುದು ತಮ್ಮ ಫ್ಲಾಸ್ಕಿನ ಬಿಸಿನೀರು ಮಾತ್ರವಂತೆ.

ಅಂದರೆ ಇದು ರಾತ್ರಿ ನಡೆದ ಕೆಲಸವಲ್ಲ. ಅರ್ಧ ಗಂಟೆ ಮುಂಚೆ ಯಾರೋ ಇಲ್ಲಿ ಬಾಯಿ ಒಣಗಿಸಿಕೊಂಡು ನಿಂತಿದ್ದಾರೆ. ಅಕ್ಕ ಮೂರನೇ ನೋಟ್‌ಬುಕ್ ತೆಗೆದು ಒಂದು ಪುಟ ನೋಡಿ ಮುಚ್ಚಿದಳು. ಒಂದು ಲೋಟ ನಂಬಿಕೊಂಡು ಒಬ್ಬನ ಮಾನ ತೆಗೆಯುವುದು ಸರಿಯಲ್ಲ ಎನಿಸಿತು.

ತನಗೆ ಮಾತು ಕಡಿಮೆಯೆಂದು ನಿನ್ನೆ ಬರಹಗಾರರ ಜೊತೆ ಜಗಳ ಕಾದವಳು ರಾಣಿಯ ಪಾತ್ರದವಳು. ಕೊನೆಯ ಕಂತು ಹರಿದು ಹಾಕುತ್ತೇನೆ ಎಂದೂ ಕೂಗಿದ್ದಳು. ಅಕ್ಕ ಮೇಕಪ್ ಕೋಣೆಗೆ ದೌಡಾಯಿಸಿದಳು. ರಾಣಿ ಆರೂವರೆಯಿಂದ ಅದೇ ಕುರ್ಚಿಯಲ್ಲಿದ್ದಳು. ತಲೆಯ ಮೇಲೆ ಅಂಟು ಒಣಗದ ಮೂರು ಸೇರಿನ ವಿಗ್ಗು.

"ಕತ್ತು ತಿರುಗಿಸೋಕೇ ಆಗ್ತಿಲ್ಲ ಅಕ್ಕ," ಎಂದಳು. "ಕದಿಯೋದು ಎಲ್ಲಿಂದ ಬಂತು?"

ಅದೂ ನಿಜವೇ. ಅಕ್ಕ ತಮ್ಮನ ಹತ್ತಿರ ಬಂದಳು. ಬೆಳಿಗ್ಗೆ ಸಾಮಾನು ಕೋಣೆಗೆ ಬಂದ ಪಾತ್ರಧಾರಿಗಳು ನಾಲ್ವರು: ಕತ್ತಿಗಾಗಿ ಇಬ್ಬರು ಸೈನಿಕರು, ಸೌಟಿಗಾಗಿ ಅರಮನೆಯ ಅಡುಗೆಯವನು, ದೋಣಿಯ ಹುಟ್ಟಿಗಾಗಿ ಅಂಬಿಗ. ಕೀಲಿ ಯಾರು ತೆಗೆದರೋ ತಾನು ಕಾಣೆ ಎಂದ ತಮ್ಮ.

* * *

ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಬರಹಗಾರರ ಮೇಜಿನ ಸುತ್ತ ನಾಲ್ವರನ್ನೂ ಕೂರಿಸಿ ಅಕ್ಕ ಎಲ್ಲರಿಗೂ ಚಹಾ ತರಿಸಿದಳು. ನಿರ್ದೇಶಕರು ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದರು. ತಮ್ಮ ಮತ್ತೆ ಗೋಡೆಗೆ ಒರಗಿ ನಿಂತಿದ್ದ. ಅಕ್ಕ ಬರಹಗಾರರಿಗೆ ಕೊನೆಯ ದೃಶ್ಯ ಹೇಳುವಂತೆ ಕೇಳಿದಳು.

ಮುದುಕರು ಹೇಳಿದರು. ಊರು ಬಿಟ್ಟು ಹೊರಟ ಜನ ದೋಣಿ ತುಂಬಿದ್ದಾರೆ. ಬಿರುಗಾಳಿ ಏಳುತ್ತದೆ. ಅಂಬಿಗ ಅವರನ್ನು ಬಿಟ್ಟು ನೀರಿಗೆ ಧುಮುಕಿ, ಒಬ್ಬನೇ ಈಜಿ ಪಾರಾಗುತ್ತಾನೆ.

ಸೈನಿಕರು ಬಾಯಿ ಬಿಟ್ಟುಕೊಂಡು ಕೇಳಿದರು. ಅಡುಗೆಯವನು ಅಯ್ಯೋ ಎಂದ. ಅಂಬಿಗನ ಮುಖ ಕೆಂಪೇರಿತು. ಉಳಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಲೋಟವನ್ನು ಮೇಜಿನ ಮೇಲೆ ಇಟ್ಟ. ಬೋರಲಾಗಿ. ಗಸಿ ಮೇಜಿನ ಮೇಲೆಲ್ಲ ಹರಿಯಿತು.

"ನಿಮ್ಮ ಕೈ ನೋಡ್ಕೊಳ್ಳಿ," ಎಂದಳು ಅಕ್ಕ.

ಅಂಬಿಗ ನೋಡಿಕೊಂಡ. ಮುಖದ ಬಣ್ಣವೆಲ್ಲ ಇಳಿದುಹೋಯಿತು.

ಅಕ್ಕ ನಿಧಾನವಾಗಿ ಬಿಡಿಸಿ ಹೇಳಿದಳು. ಧಾರಾವಾಹಿಯ ಊರಿನಲ್ಲಿ ಮನೆಯವರು ಲೋಟಕ್ಕೆ ಮುಚ್ಚಳ ಇಡುತ್ತಾರೆ. ದೋಣಿಯವರಿಗೆ ಮಾತ್ರ ಕುಡಿದ ಕೂಡಲೇ ಬೋರಲು ಹಾಕುವ ರೂಢಿ, ಉಪ್ಪುನೀರು ಸಿಡಿದು ಒಳಗೆ ಬೀಳಬಾರದೆಂದು. ಈ ನಿಯಮ ಬರೆದವಳು ಅವಳೇ. ಇಡೀ ಧಾರಾವಾಹಿಯಲ್ಲಿ ದೋಣಿಯವನು ಎಂದರೆ ಅಂಬಿಗ ಒಬ್ಬನೇ. ಮೂರು ವರ್ಷ ದಿನಕ್ಕೆ ಹತ್ತು ಸಲ ಮಾಡಿ ಮಾಡಿ ಅದು ಅವನ ಕೈಗೇ ಹತ್ತಿಬಿಟ್ಟಿತ್ತು. ಹುಟ್ಟು ತರಲು ಹೋದಾಗ ಕೀಲಿ ಎತ್ತಿಕೊಂಡ, ಬೀರು ತೆರೆದ, ಹೆದರಿಕೆಗೆ ನೀರು ಕುಡಿದ. ಹೇಳುತ್ತ ಹೇಳುತ್ತ ಅವಳಿಗೆ ಹೆಮ್ಮೆಯಿಂದ ನಗುವೇ ಬಂತು. ತಾನು ಕಟ್ಟಿದ ಊರು ಇಷ್ಟು ನಿಜವಾಗಿದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಅಂಬಿಗ ಒಪ್ಪಿಕೊಂಡ. ಕಡತ ದೋಣಿಯ ಹಲಗೆಯ ಕೆಳಗಿತ್ತು. ನಿನ್ನೆ ಸಂಜೆ ಬರಹಗಾರರು ಅವನೊಬ್ಬನಿಗೇ ಈ ಅಂತ್ಯ ಹೇಳಿದ್ದರಂತೆ. ಬೇಡವೆಂದು ಬೇಡಿಕೊಂಡರೂ ಕೇಳಲಿಲ್ಲವಂತೆ. ಅಷ್ಟಕ್ಕೇ ಕಡತ ಎತ್ತುತ್ತಾನೆಂದು ಮುದುಕರಿಗೆ ಹೊಳೆದಿರಲಿಲ್ಲ.

"ನನ್ನ ಅಂಬಿಗ ಅಂಥೋನಲ್ಲ ಸರ್," ಎಂದ. "ಜನ ಇನ್ನು ಏನನ್ನೂ ನಂಬಲ್ಲ."

ಬರಹಗಾರರು ಅಕ್ಕನ ಮುಖ ನೋಡಿದರು. ಅವಳು ಮೂರನೇ ನೋಟ್‌ಬುಕ್ಕಿನಲ್ಲಿ ಲೋಟದ ನಿಯಮವಿದ್ದ ಅದೇ ಪುಟದಿಂದ ಇನ್ನೊಂದು ನಿಯಮ ಓದಿದಳು. ಕೊನೆಯವನು ದಡ ಮುಟ್ಟುವ ತನಕ ಅಂಬಿಗ ದೋಣಿ ಬಿಡುವುದಿಲ್ಲ. ಮುದುಕರು ಆ ದೃಶ್ಯ ಮತ್ತೆ ಬರೆಯುತ್ತೇನೆ ಎಂದರು. ಸೈನಿಕರು ಅಂಬಿಗನ ಬೆನ್ನು ತಟ್ಟಿದರು. ಪಾತ್ರದ ಮೇಲೆ ಎಂಥ ಪ್ರೀತಿ ಎಂದು ನಿರ್ದೇಶಕರೂ ಕರಗಿಹೋದರು. ಕಳ್ಳತನ ಎಲ್ಲರ ಕಣ್ಣಲ್ಲಿ ಘನಕಾರ್ಯವೇ ಆಗಿಬಿಟ್ಟಿತ್ತು.

ಆಗ ತಮ್ಮ ಗೋಡೆ ಬಿಟ್ಟು ಅಂಬಿಗನ ಎದುರಿಗೆ ಬಂದ.

"ಒಂದು ಗಂಟೆಯಿಂದ ನಾನು ಕಳ್ಳನ ಹಾಗೆ ನಿಂತಿದ್ದೀನಿ," ಎಂದ. "ನೀವು ನೋಡ್ತಾನೇ ಇದ್ರಿ. ನಿಮ್ಮ ಅಂಬಿಗ ಆಗಿದ್ರೆ ನನ್ನನ್ನ ನಡುನೀರಲ್ಲಿ ಬಿಡ್ತಿದ್ನಾ?"

ಬೆನ್ನು ತಟ್ಟುತ್ತಿದ್ದ ಕೈಗಳು ಒಂದೊಂದಾಗಿ ಹಿಂದೆ ಸರಿದವು. ಅಕ್ಕ ನೋಟ್‌ಬುಕ್ ಮುಚ್ಚಿ ತಮ್ಮನ ಪಕ್ಕಕ್ಕೆ ಹೋಗಿ ನಿಂತಳು.