ತಾಯಿ ತಟ್ಟುತ್ತಿದ್ದಾಳೆ

ಮೂರು ವರ್ಷದ ಮೇಲೆ ಅವನು ಮತ್ತೆ ಆ ಬಾಗಿಲಲ್ಲಿ ನಿಂತಿದ್ದ. ಮಕ್ಕಳನ್ನು ಮಲಗಿಸಿ ಮೆದುಳಿನ ಅಲೆಗಳನ್ನು ದಾಖಲಿಸುವ ಪುಟ್ಟ ಇಇಜಿ ಕೋಣೆಯಲ್ಲಿ ಅವಳು ವೈರುಗಳಿಗೆ ಅಂಟಿದ ಪೇಸ್ಟ್ ಒರೆಸುತ್ತಿದ್ದಳು.

"ಟೆಕ್ನಿಷಿಯನ್ ಮೇಡಂ, ಈಗಲೂ ಮಗುಗಿಂತ ಮೊದಲು ನೀವೇ ಆಕಳಿಸ್ತೀರಾ?"

"ನಿಮ್ಮ ರಿಪೋರ್ಟ್ ಓದಿದ್ರೆ ಯಾರಿಗಾದ್ರೂ ಆಕಳಿಕೆ ಬರುತ್ತೆ, ಡಾಕ್ಟ್ರೇ."

ಇಬ್ಬರೂ ನಕ್ಕರು. ಅವನ ಕಣ್ಣು ಅವಳ ಕಿವಿಯ ಬಳಿಯ ಒಂದೇ ಒಂದು ನರೆಗೂದಲಿನ ಮೇಲೆ ನಿಂತಿತು. ಅವಳು ಕಂಡೂ ಕಾಣದಂತೆ ಅದನ್ನು ಹಿಂದಕ್ಕೆ ಸರಿಸಿದಳು. ಒಂದು ಕಾಲಕ್ಕೆ ಇಡೀ ವಾರ್ಡು ಇವರ ಮದುವೆಯೂಟಕ್ಕೆ ಕಾದು ಕೂತಿತ್ತು. ಆಮೇಲೆ ಪರೀಕ್ಷೆಗೆ ಆ ಮಗು ಬಂತು.

ಐದು ತಿಂಗಳ ಗಂಡುಮಗು. ಮಲಗಿಸಲೆಂದು ತಾಯಿ ಬೆನ್ನು ತಟ್ಟುತ್ತಿದ್ದಳು. ತಟ್ಟಿದರೂ ಪರದೆಯ ಮೇಲೆ ಅಲೆ ಏಳುತ್ತದೆ, ಥೇಟ್ ಫಿಟ್ಸ್ ಬಂದ ಹಾಗೆ. ಅದಕ್ಕೇ ಟೆಕ್ನಿಷಿಯನ್ ಬದಿಯಲ್ಲಿ ಬರೆಯಬೇಕು: ತಾಯಿ ತಟ್ಟುತ್ತಿದ್ದಾಳೆ, ನಿಲ್ಲಿಸಿದಳು. ಮೊದಲನೆಯದನ್ನು ಬರೆದ ಅವಳು ಎರಡನೆಯದನ್ನು ಬರೆಯಲಿಲ್ಲ. ತಾಯಿಯ ಕೈ ನಿಂತಿತ್ತು, ಅಲೆ ನಿಂತಿರಲಿಲ್ಲ. ಅದೂ ತಟ್ಟಿದ್ದರ ಅಲೆಯೇ ಎಂದುಕೊಂಡು ಅವನು 'ನಾರ್ಮಲ್' ಎಂದು ಸಹಿ ಹಾಕಿದ. ಹನ್ನೊಂದನೆಯ ದಿನ ಮಗು ಬಿಡದ ಫಿಟ್ಸ್‌ನಲ್ಲಿ ಆಸ್ಪತ್ರೆಗೆ ಮರಳಿತು. ಎಡಗೈ, ಎಡಗಾಲು ಸೋತವು.

ಇಬ್ಬರೂ ತಮ್ಮ ತಪ್ಪನ್ನು ಯಾರಿಗೂ ಹೇಳಲಿಲ್ಲ. ಅವನು ಬೇರೆ ಆಸ್ಪತ್ರೆಗೆ ಹೋದ. ಅವಳಿಗೆ ಖಾಲಿ ಕೋಣೆಯಲ್ಲೂ ತಟ್ಟುವ ಸದ್ದು ಕೇಳತೊಡಗಿತು. ಬೀಗ ಹಾಕಿ ಹೊರಟರೂ ಬೆನ್ನಿಗೇ ಬರುತ್ತಿತ್ತು.

"ಮದುವೆ ಆಯ್ತಾ?" ಅವನ ದನಿ ಇಳಿದಿತ್ತು.

"ಆ ಮಗು ಜೊತೇಲೇ ಸಂಸಾರ. ಕಣ್ಣು ಮುಚ್ಚಿದ್ರೆ ಬರುತ್ತೆ. ನಿನಗೆ?"

"ಕಣ್ಣು ಬಿಟ್ಟಿದ್ರೂ ಬರುತ್ತೆ. ನಾನು ಅವತ್ತಿನ ಪರೀಕ್ಷೆಯ ವಿಡಿಯೋ ನೋಡಬೇಕಿತ್ತು ಕಣೇ. ನೀನು ಬರೆದದ್ದು ಅಂತ ನಂಬಿಬಿಟ್ಟೆ. ಪ್ರೀತೀಲಿ ಕುರುಡಾಗಬಹುದು, ಕೆಲಸದಲ್ಲಿ ಆಗಬಾರ್ದಿತ್ತು."

ಅವಳು ವೈರು ಕೆಳಗಿಟ್ಟಳು. "ಇವತ್ತು ಆ ಮಗೂನ ಪರೀಕ್ಷೆಗೆ ಕರ್ಕೊಂಡು ಬರ್ತಿದ್ದಾರೆ. ಅವನ ಅಮ್ಮನಿಗೆ ಎಲ್ಲಾ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ. ನೀನು ಬರದಿದ್ರೂ ಬೇಜಾರಿಲ್ಲ."

"ಸಹಿ ನಂದು. ನೀನೊಬ್ಬಳೇ ಹೇಳಿದ್ರೆ ಅರ್ಧ ಸತ್ಯ ಆಗುತ್ತೆ."

ಮಧ್ಯಾಹ್ನ ಬಂದ ಮಗು ತಾಯಿಯ ಪಕ್ಕದಲ್ಲಿ ಕೂತು ಬಲಗೈಯಿಂದ ಮರದ ಆಟಿಕೆ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿತ್ತು. ಇಬ್ಬರೂ ತಾಯಿಗೆ ಹೇಳಿದರು, ಏನನ್ನೂ ಮುಚ್ಚಿಡದೆ. ಮೊದಲೇ ತಿಳಿದಿದ್ದರೆ ಕೈಕಾಲಿನ ಶಕ್ತಿ ಎಷ್ಟು ಉಳಿಯುತ್ತಿತ್ತೋ ಹೇಳಲಾಗದು ಎಂಬುದನ್ನೂ ಹೇಳಿದರು.

ತಾಯಿ ಮಗುವಿನ ಎಡಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ನಾನು ಜೋರಾಗಿ ತಟ್ಟಿದ್ದಕ್ಕೇ ಇವನ ತಲೆಗೆ ಏಟಾಯ್ತು ಅಂದ್ಕೊಂಡಿದ್ದೆ," ಎಂದಳು. "ಅವತ್ತಿಂದ ಒಂದು ದಿನಾನೂ ಇವನನ್ನ ತಟ್ಟಿ ಮಲಗಿಸಿಲ್ಲ. ಅತ್ತೆ ಮಲಗಿಸ್ತಾರೆ. ನಾನು ಪಕ್ಕದ ರೂಮಲ್ಲಿ ಕೂತಿರ್ತೀನಿ."

ಇಂಥದ್ದೊಂದು ಗಾಯವೂ ತಮ್ಮ ಲೆಕ್ಕದಲ್ಲಿದೆಯೆಂದು ಅವರಿಬ್ಬರಿಗೂ ಗೊತ್ತೇ ಇರಲಿಲ್ಲ. ತಾಯಿ ಕ್ಷಮಿಸಿದೆ ಎನ್ನಲಿಲ್ಲ. "ದೂರು ಕೊಡ್ತೀನಿ," ಎಂದು ಮಗುವನ್ನೆತ್ತಿಕೊಂಡು ನಡೆದಳು.

ತಾಯಿ ಹೋದ ಮೇಲೆ ಕಾರಿಡಾರಿನ ಬೆಂಚಿನಲ್ಲಿ ಕುಸಿದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಕ್ಕದಲ್ಲಿ ಕೂತ. ಸಮಾಧಾನ ಹೇಳುವ ಯೋಗ್ಯತೆ ತನಗಿಲ್ಲವೆಂದು ಕರವಸ್ತ್ರವನ್ನಷ್ಟೇ ಚಾಚಿದ.

"ವಿಚಾರಣೆಗೆ ಕರೀತಾರೆ," ಎಂದಳು ಅವಳು, ಮೂಗು ಒರೆಸಿಕೊಂಡು.

"ಒಟ್ಟಿಗೆ ಹೋಗೋಣ."

"ಮತ್ತೆ ಬಿಟ್ಟು ಓಡಿಹೋಗಲ್ಲ ತಾನೇ?"

"ಓಡಿ ನೋಡಾಯ್ತು. ನೀನಿಲ್ಲದ ಕಡೆ ಎಲ್ಲೂ ನಿಲ್ಲೋಕಾಗ್ಲಿಲ್ಲ."

ಅವಳು ಅವನ ಕೈ ಹಿಡಿದುಕೊಂಡಳು. ದಾದಿಯರು ನೋಡುತ್ತಿದ್ದರು, ನೋಡಲಿ ಎಂದು ಹಿಡಿದ ಕೈ ಬಿಡಲಿಲ್ಲ.